ರಟ್ಟೆಯೊಳಗಿನ ಕಡ್ಡಿ

ಮಂಚದ ಮೇಲೆ ಅಂಗಾತ ಮಲಗಿದ ಹೆಂಗಸು ಎಡಗೈ ಮಡಿಸಿ ಅಂಗೈಯನ್ನು ತಲೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ. ಮಧ್ಯಾಹ್ನ ಕೆಲಸ ಮುಗಿಸಿ ಚಾಪೆಯ ಮೇಲೆ ಒರಗಿದವರು ಕೈ ಇಟ್ಟುಕೊಳ್ಳುವುದು ಹೀಗೆಯೇ. ಡಾಕ್ಟರು ಅವಳ ಮೊಣಕೈಯ ಒಳಬದಿಯ ಮೂಳೆಗಂಟನ್ನು ಬೆರಳಲ್ಲಿ ಹುಡುಕಿ, ಅಲ್ಲಿಂದ 8ರಿಂದ 10 ಸೆಂಟಿಮೀಟರ್ ಮೇಲಕ್ಕೆ ಅಳೆದು, ಮತ್ತೆ 3ರಿಂದ 5 ಸೆಂಟಿಮೀಟರ್ ಹಿಂದಕ್ಕೆ ಸರಿದು ಪೆನ್ನಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಹಿಂದಕ್ಕೆ ಸರಿಯುವುದಕ್ಕೆ ಕಾರಣವಿದೆ. ರಟ್ಟೆಯ ಮುಂದಿನ ಸ್ನಾಯುವಿಗೂ ಹಿಂದಿನ ಸ್ನಾಯುವಿಗೂ ನಡುವೆ ಒಂದು ತಗ್ಗು ಇದೆ. ಕೈಗೆ ಹೋಗುವ ದೊಡ್ಡ ರಕ್ತನಾಳಗಳೂ ನರಗಳೂ ಅದರ ಆಳದಲ್ಲಿ ಹಾದುಹೋಗುತ್ತವೆ. ಅವುಗಳ ತಂಟೆಗೆ ಹೋಗಬಾರದು. ಮೊದಲ ಚುಕ್ಕೆಯಿಂದ ಭುಜದ ಕಡೆಗೆ 5 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಚುಕ್ಕೆ ಬೀಳುತ್ತದೆ. ಸೂಜಿ ಯಾವ ದಿಕ್ಕಿಗೆ ಸಾಗಬೇಕು ಎಂಬುದಕ್ಕೆ ಅದು ಗುರುತು.

ಚರ್ಮ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಎರಡು ಮೂರು ನಿಮಿಷ ಕಾಯುತ್ತಾರೆ. ಆಮೇಲೆ ಬರುವ ಸೂಜಿ ಸ್ವಲ್ಪ ದಪ್ಪನೆಯದು. ತುದಿ ಚರ್ಮದೊಳಗೆ ಇಳಿದ ಕೂಡಲೇ ಅದನ್ನು ಅಡ್ಡ ಮಲಗಿಸಿ, ಚರ್ಮವನ್ನು ಒಳಗಿನಿಂದ ತುಸು ಮೇಲಕ್ಕೆತ್ತುತ್ತಾ ಮುಂದಕ್ಕೆ ದೂಡುತ್ತಾರೆ. ಸೀರೆಯ ಅಂಚಿನೊಳಗೆ ದಬ್ಬಳ ಸಾಗುವಾಗ ಬಟ್ಟೆ ಉಬ್ಬಿ ಕಾಣುವಂತೆ ಚರ್ಮದ ಮೇಲೆ ಸೂಜಿಯ ಆಕಾರ ಕಾಣುತ್ತದೆ. ಸೂಜಿ ಪೂರ್ತಿ ಒಳಗೆ ಹೋದ ಮೇಲೆ ಹಿಡಿಕೆಯಲ್ಲಿರುವ ನೇರಳೆ ಬಣ್ಣದ ಗುಂಡಿಯನ್ನು ಹಿಂದಕ್ಕೆ ಎಳೆದರೆ ಸೂಜಿ ಹೊರಬರುತ್ತದೆ, ಕಡ್ಡಿ ಒಳಗೆ ಉಳಿಯುತ್ತದೆ. ಕೊನೆಗೆ ಡಾಕ್ಟರು ಆಕೆಯ ಬಲಗೈ ಬೆರಳುಗಳನ್ನು ಹಿಡಿದು ಆ ಜಾಗದ ಮೇಲೆ ಇಡಿಸುತ್ತಾರೆ. ಅವಳೇ ಮುಟ್ಟಿ ನೋಡಬೇಕು. ಚರ್ಮದಡಿಯಲ್ಲಿ ಬೆಂಕಿಕಡ್ಡಿಯಂಥದ್ದು ಒಂದು ಸಿಗುತ್ತದೆ. ಒತ್ತಿದರೆ ತುಸು ಜರುಗುತ್ತದೆ.

ಈ ಮುಟ್ಟಿ ನೋಡುವಿಕೆ ಬರೀ ಶಿಷ್ಟಾಚಾರವಲ್ಲ. ಬೆರಳಿಗೆ ಸಿಗುವಂತೆ ಕೂತ ಕಡ್ಡಿಯನ್ನು ಬೇಕೆಂದಾಗ ತೆಗೆಯಬಹುದು. ಸಿಗದಷ್ಟು ಆಳಕ್ಕೆ ಇಳಿದರೆ ಅದನ್ನು ಹುಡುಕಲು ಎಕ್ಸ್-ರೇ, ಸ್ಕ್ಯಾನಿಂಗ್ ಎಂದು ಓಡಾಡಬೇಕಾಗುತ್ತದೆ. ಗರ್ಭ ತಡೆಯುವ ಈ ಸಾಧನದ ಅರವತ್ತು ವರ್ಷಗಳ ಕಥೆಯನ್ನು ಬಿಡಿಸುತ್ತಾ ಹೋದರೆ, ಜಗಳವೆಲ್ಲ ಶುರುವಾಗಿದ್ದು ಹಾಕುವ ಕಡೆಯಲ್ಲಲ್ಲ, ತೆಗೆಯುವ ಕಡೆಯಲ್ಲಿ ಎಂಬುದು ಮತ್ತೆ ಮತ್ತೆ ಎದುರಾಗುತ್ತದೆ.

ಕಡ್ಡಿಯ ಉದ್ದ 4 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂಟಿ ಕಡ್ಡಿಯ ಹೆಸರು ಇಂಪ್ಲಾನಾನ್, ಅದರ ಸುಧಾರಿತ ರೂಪ ನೆಕ್ಸ್‌ಪ್ಲಾನಾನ್. ಮೆತ್ತನೆಯ ಪ್ಲಾಸ್ಟಿಕ್ಕಿನ ಒಳತಿರುಳಿನಲ್ಲಿ 68 ಮಿಲಿಗ್ರಾಂ ಇಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು ಬೆರೆತಿದೆ. ಸುತ್ತಲೂ ಅದೇ ಜಾತಿಯ ಪ್ಲಾಸ್ಟಿಕ್ಕಿನ ತೆಳು ಹೊದಿಕೆ. ಒಂದು ಗ್ರಾಂ ಹಾರ್ಮೋನಿನಿಂದ ಇಂಥ ಹದಿನಾಲ್ಕು ಕಡ್ಡಿ ಮಾಡಬಹುದು. ಒಂದೊಂದು ಕಡ್ಡಿಯೂ ಕನಿಷ್ಠ ಮೂರು ವರ್ಷ ಕೆಲಸ ಮಾಡುತ್ತದೆ.

ಇಷ್ಟು ಕಡಿಮೆ ಮದ್ದು ಇಷ್ಟು ಕಾಲ ಬಾಳುವುದು ಹೇಗೆ? ಕೋಲಾರದ ಟೊಮೆಟೊ ತೋಟದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಲುವೆ ತೆರೆದು ನೀರು ಹಾಯಿಸುವುದಕ್ಕೂ ಹನಿ ನೀರಾವರಿಗೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರ’ ಹೆಸರಿನಲ್ಲಿ ಕೊಡುವ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೆ ಒಂದೇ ಸಲ 150 ಮಿಲಿಗ್ರಾಂ ಹಾರ್ಮೋನನ್ನು ದೇಹಕ್ಕೆ ಇಳಿಸುತ್ತದೆ. ಎರಡೂ ಬೇರೆ ಬೇರೆ ಅಣುಗಳಾದ್ದರಿಂದ ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ಸರಿಯಲ್ಲ, ಆದರೂ ಅಂದಾಜು ಸಿಗುತ್ತದೆ. ಕಡ್ಡಿಯಿಂದ ಮೊದಲ ಕೆಲವು ವಾರಗಳಲ್ಲಿ ದಿನಕ್ಕೆ 60ರಿಂದ 70 ಮೈಕ್ರೊಗ್ರಾಂ ಜಿನುಗುತ್ತದೆ. ಒಂದು ಮೈಕ್ರೊಗ್ರಾಂ ಎಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು. ವರ್ಷದ ಕೊನೆಗೆ ಅದು 35ರಿಂದ 45ಕ್ಕೆ ಇಳಿಯುತ್ತದೆ, ಮೂರನೆಯ ವರ್ಷದ ಕೊನೆಗೆ 25ರಿಂದ 30ಕ್ಕೆ. ಕೂಡಿ ನೋಡಿದರೆ ಮೂರು ವರ್ಷ ಮುಗಿದಾಗಲೂ ಕಡ್ಡಿಯೊಳಗೆ ಮದ್ದು ಮಿಕ್ಕಿರುತ್ತದೆ. ಐದು ವರ್ಷದವರೆಗೂ ಅದು ಕೆಲಸ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ತೋರಿಸಿದ್ದು ಹಾಗಾಗಿಯೇ.

ಕಡ್ಡಿಯ ಗೋಡೆಯಲ್ಲಿ ತೂತುಗಳಿಲ್ಲ. ಮಣ್ಣಿನ ಹೂಜಿಯ ನೀರು ಸಣ್ಣ ರಂಧ್ರಗಳಿಂದ ಒಸರುತ್ತದೆ, ಇಲ್ಲಿ ಹಾಗಲ್ಲ. ಎಣ್ಣೆಯಲ್ಲಿ ಕರಗುವ ಗುಣವಿರುವ ಹಾರ್ಮೋನಿನ ಅಣು ಪ್ಲಾಸ್ಟಿಕ್ಕಿನಲ್ಲೇ ಕರಗಿ, ಅದರೊಳಗೆ ನುಸುಳಿ ಆಚೆ ಬದಿಗೆ ಬರುತ್ತದೆ. ಈ ಗುಣ ಮೊದಲು ಕಣ್ಣಿಗೆ ಬಿದ್ದದ್ದು ಗರ್ಭನಿರೋಧಕ್ಕೆ ಏನೇನೂ ಸಂಬಂಧವಿಲ್ಲದ ಕಡೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಜೂಡಾ ಫೋಕ್‌ಮನ್ ಎಂಬ ಯುವ ಸರ್ಜನ್ ತನ್ನ ಸಹೋದ್ಯೋಗಿ ಡೇವಿಡ್ ಲಾಂಗ್ ಜೊತೆ ಹೃದಯ ಬಡಿತದ ತೊಂದರೆಗೆ ಮದ್ದು ಹುಡುಕುತ್ತಿದ್ದರು. ಪ್ರಯೋಗದಲ್ಲಿ ಬಳಸಿದ್ದ ಸಿಲಿಕೋನ್ ರಬ್ಬರಿನ ಕೊಳವೆಯ ಗೋಡೆಯನ್ನು ಕೆಲವು ಬಣ್ಣಗಳು ದಾಟಿ ಬರುತ್ತಿದ್ದವು. ಬಣ್ಣ ಬರುವುದಾದರೆ ಮದ್ದೂ ಬರಬೇಕಲ್ಲವೇ? ಮದ್ದನ್ನು ಸಿಲಿಕೋನ್ ಚೀಲದಲ್ಲಿ ತುಂಬಿ ದೇಹದೊಳಗೆ ಇಟ್ಟರೆ ನಿಧಾನವಾಗಿ ಹೊರಗೆ ಒಸರುತ್ತದೆ ಎಂದು ಅವರು 1964ರಲ್ಲಿ ಪ್ರಕಟಿಸಿದರು. ಈ ವಿದ್ಯೆಯಿಂದ ಹಣ ಮಾಡಿಕೊಳ್ಳಲು ಫೋಕ್‌ಮನ್ ಹೋಗಲಿಲ್ಲ. ಜನಸಂಖ್ಯೆಯ ವಿಷಯದಲ್ಲಿ ಸಂಶೋಧನೆ ನಡೆಸುತ್ತಿದ್ದ ನ್ಯೂಯಾರ್ಕಿನ ಪಾಪ್ಯುಲೇಷನ್ ಕೌನ್ಸಿಲ್‌ಗೆ ಬಿಟ್ಟುಕೊಟ್ಟರು. ಗಡ್ಡೆಗಳು ತಮಗೆ ಬೇಕಾದ ರಕ್ತನಾಳಗಳನ್ನು ತಾವೇ ಬೆಳೆಸಿಕೊಳ್ಳುತ್ತವೆ ಎಂಬ ಸಂಶೋಧನೆಯಿಂದ ಮುಂದೆ ಕ್ಯಾನ್ಸರ್ ವಿಜ್ಞಾನದಲ್ಲಿ ಹೆಸರಾದವರೂ ಇವರೇ.

ಕೌನ್ಸಿಲ್‌ನ ಶೆಲ್ಡನ್ ಸೀಗಲ್ ಮತ್ತು ಚಿಲಿ ದೇಶದ ವೈದ್ಯ ಹೊರಾಸಿಯೊ ಕ್ರೊಕ್ಸಾಟೊ ಅಲ್ಲಿಂದ ಮುಂದಕ್ಕೆ ನಡೆದರು. ಗರ್ಭನಿರೋಧಕ ಮಾತ್ರೆಯ ಕಾಲ ಅದು. ಮೆಕ್ಸಿಕೊದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುವ ದಾರಿಯನ್ನು ರಸೆಲ್ ಮಾರ್ಕರ್ 1940ರ ದಶಕದಲ್ಲೇ ಕಂಡುಹಿಡಿದಿದ್ದರು. 1951ರಲ್ಲಿ ಮೆಕ್ಸಿಕೊ ನಗರದ ಸಿಂಟೆಕ್ಸ್ ಪ್ರಯೋಗಾಲಯದಲ್ಲಿ 26 ವರ್ಷದ ಲೂಯಿಸ್ ಮಿರಮೊಂಟೆಸ್, ನುಂಗಿದರೂ ಯಕೃತ್ತಿನಲ್ಲಿ ಹಾಳಾಗದ ಕೃತಕ ಹಾರ್ಮೋನನ್ನು ತಯಾರಿಸಿದ್ದ. ಆದರೆ ಮಾತ್ರೆಗೆ ದಿನವೂ ನೆನಪು ಬೇಕು. ಹೆರಿಗೆಯಾಗಿ ಮೂರು ತಿಂಗಳಾದ, ರಾತ್ರಿ ನಿದ್ದೆಯಿಲ್ಲದ, ಬೆಳಿಗ್ಗೆ ಎದ್ದು ಹೊಲಕ್ಕೋ ಗಾರ್ಮೆಂಟ್ಸ್ ಬಸ್ಸಿಗೋ ಓಡಬೇಕಾದ ಹೆಣ್ಣಿಗೆ ಆ ನೆನಪು ಎಲ್ಲಿಂದ ಬರಬೇಕು? ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ಏಳು ಮಂದಿಗೆ ಮಾತ್ರೆ ಕೈಕೊಡುತ್ತದೆ. ಕಡ್ಡಿಯಲ್ಲಿ ಸಾವಿರಕ್ಕೆ ಒಬ್ಬರು ಎನ್ನುವುದೇ ಹೆಚ್ಚು. ಹೆಂಗಸರ ಸಂತಾನಹರಣ ಆಪರೇಷನ್ ಆದ ಟ್ಯೂಬೆಕ್ಟಮಿಯೂ ಮೊದಲ ವರ್ಷದಲ್ಲಿ ಸಾವಿರಕ್ಕೆ ಐವರಲ್ಲಿ ವಿಫಲವಾಗುತ್ತದೆ. ಮರೆಯುವ ಅವಕಾಶವೇ ಇಲ್ಲದಿರುವುದು ಕಡ್ಡಿಯ ಬಲ.

ಇನ್ನು ಅದು ದೇಹದೊಳಗೆ ಮಾಡುವ ಕೆಲಸ. ಪ್ರತಿ ತಿಂಗಳು ಅಂಡಾಶಯದಿಂದ ಒಂದು ಅಂಡ ಹೊರಬರಬೇಕಾದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕಬೇಕು. ಅಂಡ ಬಿದ್ದ ಮೇಲೆ ದೇಹವೇ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಅದು ಇರುವವರೆಗೆ ಇನ್ನೊಂದು ಉಕ್ಕು ಏಳುವುದಿಲ್ಲ. ಕಡ್ಡಿಯ ಹಾರ್ಮೋನು ಪ್ರೊಜೆಸ್ಟರಾನಿನ ವೇಷದಲ್ಲಿ ರಕ್ತದಲ್ಲಿ ಓಡಾಡುತ್ತಿದ್ದರೆ, ಈ ತಿಂಗಳ ಕೆಲಸ ಮುಗಿಯಿತು ಎಂದು ಪಿಟ್ಯುಟರಿ ಸುಮ್ಮನಾಗುತ್ತದೆ. ಜೊತೆಗೆ ಗರ್ಭಕೋಶದ ಬಾಯಿಯಲ್ಲಿರುವ ಲೋಳೆ ಗಟ್ಟಿಯಾಗಿ ವೀರ್ಯಾಣುಗಳಿಗೆ ದಾರಿ ಮುಚ್ಚುತ್ತದೆ. ಇದರಲ್ಲಿ ಈಸ್ಟ್ರೋಜೆನ್ ಇಲ್ಲದ್ದರಿಂದ ಮೊಲೆಯುಣಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು. ದೇಹ ತಾನೇ ತಯಾರಿಸುವ ಈಸ್ಟ್ರೋಜೆನ್ ಪೂರ್ತಿ ಕುಸಿಯುವುದೂ ಇಲ್ಲ. ಕಡ್ಡಿ ತೆಗೆದ ಒಂದು ವಾರದೊಳಗೆ ಹಾರ್ಮೋನು ರಕ್ತದಲ್ಲಿ ಪತ್ತೆಯಾಗದಷ್ಟು ಇಳಿಯುತ್ತದೆ, ಕೆಲವೇ ವಾರಗಳಲ್ಲಿ ಅಂಡ ಬಿಡುಗಡೆ ಮೊದಲಿನಂತೆ ಶುರುವಾಗುತ್ತದೆ. ಚುಚ್ಚುಮದ್ದು ನಿಲ್ಲಿಸಿದವರು ಮತ್ತೆ ಬಸಿರಾಗಲು ಹಲವು ತಿಂಗಳು ಕಾಯಬೇಕಾಗಬಹುದು. ಕಡ್ಡಿಗೆ ಆ ಕಾಯುವಿಕೆ ಇಲ್ಲ.

ಮುಟ್ಟಿನ ಮಾತಿಗೆ ಬರೋಣ. ಇಲ್ಲಿ ಅವಸರ ಮಾಡುವಂತಿಲ್ಲ, ಏಕೆಂದರೆ ಕಡ್ಡಿಯನ್ನು ಅವಧಿಗೆ ಮುಂಚೆ ತೆಗೆಸಲು ಬರುವ ಹೆಂಗಸರು ಎಲ್ಲಕ್ಕಿಂತ ಹೆಚ್ಚಾಗಿ ಹೇಳುವ ಕಾರಣ ಇದೇ.

ಗರ್ಭಕೋಶದ ಒಳಪದರ ತಿಂಗಳು ತಿಂಗಳು ಬೆಳೆದು ಕಳಚುವುದಕ್ಕೆ ಎರಡು ಹಾರ್ಮೋನುಗಳ ಏರಿಳಿತ ಬೇಕು. ಕಡ್ಡಿ ಒಂದೇ ಹಾರ್ಮೋನನ್ನು ಒಂದೇ ಸಮನೆ ಕೊಡುತ್ತದೆ. ಒಳಪದರ ತೆಳುವಾಗುತ್ತದೆ, ಅದರ ಮೇಲ್ಮೈಯ ಸಣ್ಣ ರಕ್ತನಾಳಗಳು ಸುಲಭವಾಗಿ ಒಡೆಯುವಂತಾಗುತ್ತವೆ, ಲೆಕ್ಕಕ್ಕೆ ಸಿಗದ ದಿನಗಳಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಸರಿಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಂತುಹೋಗುತ್ತದೆ. ಮೂವರಲ್ಲಿ ಒಬ್ಬರಿಗೆ ಅಪರೂಪಕ್ಕೆ ಬರುತ್ತದೆ. ಆರರಲ್ಲಿ ಒಬ್ಬರಿಗೆ ಬಂದದ್ದು ಎರಡು ವಾರವಾದರೂ ನಿಲ್ಲದೆ ಎಳೆಯುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ.

ವೈದ್ಯಕೀಯ ಪ್ರಬಂಧದಲ್ಲಿ ಇದಕ್ಕೆ ‘ಅನಿಯಮಿತ ರಕ್ತಸ್ರಾವ’ ಎಂದು ಎರಡು ಪದ ಸಾಕು. ಮನೆಯೊಳಗೆ ಅದರ ತೂಕವೇ ಬೇರೆ. ಮುಟ್ಟಾದವಳು ದೇವರ ಮನೆಗೆ ಹೋಗಬಾರದು, ಉಪ್ಪಿನಕಾಯಿ ಭರಣಿ ಮುಟ್ಟಬಾರದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನು ಹಟ್ಟಿಯಿಂದ ಆಚೆ ಇರಿಸುವ ರೂಢಿ ಕಾನೂನು ಬಂದರೂ ಪೂರ್ತಿ ಅಳಿದಿಲ್ಲ. ತಿಂಗಳಿಗೆ ಮೂರು ದಿನ ಹೊರಗಿರುವವಳಿಗೆ ತಿಂಗಳಲ್ಲಿ ಹದಿನೈದು ದಿನ ಕಲೆ ಬಿದ್ದರೆ ಅವಳು ಎಲ್ಲಿರಬೇಕು? ಮುಟ್ಟು ನಿಂತವಳ ಪಾಡೂ ಸುಲಭವಲ್ಲ. ‘ಕೆಟ್ಟ ರಕ್ತ’ ಹೊರಗೆ ಹೋಗದೆ ಒಳಗೇ ಕಟ್ಟಿಕೊಂಡಿದೆ ಎಂದು ಅತ್ತೆ ಹೇಳುತ್ತಾಳೆ, ಅವಳಿಗೂ ಅದೇ ಅನುಮಾನ. ಒಳಗೆ ಏನೂ ಕಟ್ಟಿಕೊಂಡಿರುವುದಿಲ್ಲ. ಪದರವೇ ಬೆಳೆದಿಲ್ಲವಾದ್ದರಿಂದ ಕಳಚಲು ಏನೂ ಇಲ್ಲ, ಅಷ್ಟೇ. ಈ ಒಂದು ಮಾತನ್ನು ಕಡ್ಡಿ ಹಾಕುವ ಮೊದಲು ಕೂರಿಸಿಕೊಂಡು, ಅವಳ ಭಾಷೆಯಲ್ಲಿ, ಅತ್ತೆಗೂ ಕೇಳಿಸುವ ಹಾಗೆ ಹೇಳುವುದು ನರ್ಸಮ್ಮನ ಕೆಲಸ. ಆ ಹತ್ತು ನಿಮಿಷ ಸಿಕ್ಕಿದವಳು ಆರು ತಿಂಗಳ ಮೇಲೆ ಗಾಬರಿಯಾಗಿ ಓಡಿಬರುವುದು ಕಡಿಮೆ. ಓಡಿಬಂದರೂ ಅವಳನ್ನು ಗದರಿಸಿ ಕಳಿಸುವ ಹಕ್ಕು ಯಾರಿಗೂ ಇಲ್ಲ.

ಎಲ್ಲರಿಗೂ ಇದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ತನ ಕ್ಯಾನ್ಸರ್ ಆದವರು, ಯಕೃತ್ತಿನ ತೀವ್ರ ಕಾಯಿಲೆಯವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಹಾಕಿಸಿಕೊಳ್ಳಬಾರದು. ನಮ್ಮ ದೇಶದಲ್ಲಿ ಮುಖ್ಯವಾಗಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಕ್ಷಯದ್ದು. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಎಚ್‌ಐವಿಗೆ ಕೊಡುವ ಎಫಾವಿರೆಂಜ್, ಇವೆಲ್ಲ ಯಕೃತ್ತನ್ನು ಚುರುಕುಗೊಳಿಸಿ ಕಡ್ಡಿಯ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಕಡ್ಡಿ ರಟ್ಟೆಯಲ್ಲಿದ್ದರೂ ಗರ್ಭ ನಿಲ್ಲಬಹುದು. ಲೈಂಗಿಕ ಸೋಂಕುಗಳಿಗಂತೂ ಅದು ತಡೆಯಲ್ಲ, ಅದಕ್ಕೆ ಕಾಂಡೋಮೇ ಬೇಕು.

ಮೊದಲ ತಲೆಮಾರಿನ ಸಾಧನ ಒಂಟಿ ಕಡ್ಡಿಯಾಗಿರಲಿಲ್ಲ. ಅದರ ಹೆಸರು ನಾರ್‌ಪ್ಲಾಂಟ್. ತಲಾ 36 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ತುಂಬಿದ ಆರು ಸಿಲಿಕೋನ್ ಕೊಳವೆಗಳನ್ನು ಬೀಸಣಿಗೆಯ ಎಲುಬುಗಳಂತೆ ಚರ್ಮದಡಿ ಹರಡಿ ಕೂರಿಸಬೇಕಿತ್ತು. ಬಾಳಿಕೆ ಐದು ವರ್ಷ. ಮೊದಲು ಒಪ್ಪಿಗೆ ಕೊಟ್ಟ ದೇಶ ಫಿನ್ಲೆಂಡ್, 1983ರಲ್ಲಿ. ಅತಿ ಹೆಚ್ಚು ಬಳಸಿದ್ದು ಇಂಡೊನೇಷ್ಯಾ. ಅಲ್ಲಿನ ಜನ ಇದನ್ನು ‘ಸುಸುಕ್’ ಎಂದು ಕರೆದರು. ಚೆಲುವು ಹೆಚ್ಚಲಿ, ಕಂಡವರು ಮೆಚ್ಚಲಿ ಎಂದು ಚರ್ಮದಡಿ ಸೇರಿಸಿಕೊಳ್ಳುವ ಮಂತ್ರಿಸಿದ ಚಿನ್ನದ ಸೂಜಿಗೆ ಆ ನಾಡಿನಲ್ಲಿರುವ ಹಳೆಯ ಹೆಸರು ಅದು. ಕನ್ನಡದಲ್ಲಿಯೂ ಇಂಥದ್ದೇ ಒಂದು ನಡೆದಿದೆ: ಗರ್ಭಕೋಶದೊಳಗೆ ಇಡುವ ಕಾಪರ್ ಟಿ ನಮ್ಮ ಆರೋಗ್ಯ ಇಲಾಖೆಯ ಬಾಯಲ್ಲಿ ‘ವಂಕಿ’ಯಾಯಿತು. ವಂಕಿ ಎಂದರೆ ಮದುವಣಗಿತ್ತಿ ರಟ್ಟೆಗೆ ಕಟ್ಟುವ ಒಡವೆಯೂ ಹೌದು. ಈ ಕಡ್ಡಿ ಕೂರುವುದು ಸರಿಯಾಗಿ ಅದೇ ರಟ್ಟೆಯಲ್ಲಿ. ಅಪರಿಚಿತ ವಸ್ತುವೊಂದು ಮೈಗೆ ಹತ್ತಿರ ಬಂದಾಗ ಜನ ಅದಕ್ಕೆ ಒಡವೆ ಪೆಟ್ಟಿಗೆಯಿಂದ ಹೆಸರು ಹುಡುಕಿ ಕೊಡುವುದನ್ನು ನೋಡಿದರೆ, ಭಾಷೆ ವಿಜ್ಞಾನಕ್ಕಿಂತ ಮೊದಲೇ ಅದನ್ನು ಒಗ್ಗಿಸಿಕೊಳ್ಳಲು ಹೊರಡುತ್ತದೆ ಎನಿಸುತ್ತದೆ.

ಆದರೆ ಇಂಡೊನೇಷ್ಯಾದ ಹಳ್ಳಿಗಳಲ್ಲಿ ಸುಸುಕ್ ಹಾಕಲು ಅಭಿಯಾನಗಳು ಬಂದವು, ತೆಗೆಯಲು ಬರಲಿಲ್ಲ. ಐದು ವರ್ಷ ಮುಗಿಯದೆ ತೆಗೆಯುವುದಿಲ್ಲ ಎಂದು ಹಿಂದಕ್ಕೆ ಕಳಿಸಲ್ಪಟ್ಟ ಹೆಂಗಸರಿದ್ದರು. ಬಾಂಗ್ಲಾದೇಶದಲ್ಲಿ ಪ್ರಯೋಗಕ್ಕೆ ಒಳಗಾದವರಿಂದಲೂ ಇದೇ ದೂರು ಬಂತು. ತಲೆಸುತ್ತು, ನಿಲ್ಲದ ರಕ್ತಸ್ರಾವ ಎಂದು ಮತ್ತೆ ಮತ್ತೆ ಬೇಡಿಕೊಂಡರೂ ತೆಗೆಯಲಿಲ್ಲವೆಂದು ಅವರು ಹೇಳಿದ್ದನ್ನು 1995ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಜಗತ್ತಿಗೆ ತೋರಿಸಿತು. ಗುಳಿಗೆಯಾದರೆ ಹೆಣ್ಣು ತಾನೇ ನಿಲ್ಲಿಸಬಹುದು. ಚರ್ಮದೊಳಗಿನದನ್ನು ನಿಲ್ಲಿಸಲು ಇನ್ನೊಬ್ಬರ ಕೈ ಬೇಕು, ಬ್ಲೇಡು ಬೇಕು, ಮನಸ್ಸು ಬೇಕು.

ಅಮೆರಿಕದಲ್ಲಿ ನಡೆದದ್ದು ಇನ್ನೊಂದು ಬಗೆ. ನಾರ್‌ಪ್ಲಾಂಟ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1990ರ ಡಿಸೆಂಬರ್ 10ರಂದು. ಎರಡೇ ದಿನಕ್ಕೆ ಫಿಲಡೆಲ್ಫಿಯಾದ ದೊಡ್ಡ ಪತ್ರಿಕೆಯೊಂದು, ಬಡ ಕಪ್ಪು ಮಹಿಳೆಯರಿಗೆ ಇದನ್ನು ಹಾಕಿಸಿದರೆ ಬಡತನ ಕಡಿಮೆಯಾದೀತೇ ಎಂದು ಕೇಳುವ ಸಂಪಾದಕೀಯ ಬರೆಯಿತು. ಓದುಗರು ಸಿಡಿದೆದ್ದರು, ಪತ್ರಿಕೆ ಕ್ಷಮೆ ಕೇಳಬೇಕಾಯಿತು. ಮರು ತಿಂಗಳೇ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಮಕ್ಕಳನ್ನು ಹೊಡೆದ ಪ್ರಕರಣದಲ್ಲಿ ತಪ್ಪಿತಸ್ಥಳಾದ ತಾಯಿಗೆ, ಜೈಲಿನ ಅವಧಿ ಕಡಿಮೆಯಾಗಬೇಕಾದರೆ ನಾರ್‌ಪ್ಲಾಂಟ್ ಹಾಕಿಸಿಕೊಳ್ಳಬೇಕು ಎಂಬ ಷರತ್ತು ವಿಧಿಸಿದರು. ಕ್ಯಾನ್ಸಸ್ ರಾಜ್ಯದ ಶಾಸನಸಭೆಯಲ್ಲಿ, ಸರ್ಕಾರದ ನೆರವು ಪಡೆಯುವ ತಾಯಂದಿರು ಹಾಕಿಸಿಕೊಂಡರೆ 500 ಡಾಲರ್ ಕೊಡೋಣ ಎಂಬ ಮಸೂದೆ ಬಂತು. ಜೀವಮಾನದ ಅರ್ಧವನ್ನು ಇದಕ್ಕೆ ಕೊಟ್ಟಿದ್ದ ಸೀಗಲ್, ಬಲವಂತದ ಯಾವ ಬಳಕೆಗೂ ತನ್ನ ವಿರೋಧವಿದೆ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಹೆಣ್ಣಿನ ಕೈಗೆ ಹಿಡಿತ ಕೊಡಲು ಮಾಡಿದ್ದನ್ನು ಹೆಣ್ಣಿನ ಮೇಲೆ ಹಿಡಿತಕ್ಕೆ ಬಳಸುವುದನ್ನು ನೋಡಿ ಅವರಿಗೆ ಆದ ನೋವು ಸಣ್ಣದಿರಲಾರದು.

ಅಷ್ಟರಲ್ಲಿ ಹಾಕಿದ್ದನ್ನು ತೆಗೆಯುವ ದಿನಗಳು ಬಂದವು. ಕೊಳವೆಗಳ ಸುತ್ತ ದೇಹ ನಾರಿನ ಪೊರೆ ಕಟ್ಟಿಕೊಂಡಿರುತ್ತದೆ. ಸರಿಯಾಗಿ ಕೂರಿಸಿದ್ದರೆ ಇಪ್ಪತ್ತು ನಿಮಿಷದಲ್ಲಿ ಆರೂ ಹೊರಬರುತ್ತವೆ, ಅಡ್ಡಾದಿಡ್ಡಿ ಕೂರಿಸಿದ್ದರೆ ಗಂಟೆಗಟ್ಟಲೆ ಕೆದಕಬೇಕು. ಹಾಕಲು ಕಲಿತ ಡಾಕ್ಟರುಗಳಲ್ಲಿ ಎಷ್ಟೋ ಮಂದಿ ತೆಗೆಯುವುದನ್ನು ಅಭ್ಯಾಸ ಮಾಡಿರಲಿಲ್ಲ. ತೋಳಿನ ಮೇಲೆ ಗಾಯದ ಗುರುತು ಹೊತ್ತ ಸಾವಿರಾರು ಮಹಿಳೆಯರು ಕೋರ್ಟಿಗೆ ಹೋದರು. 1999ರಲ್ಲಿ ಮಾರಾಟ ಕಂಪನಿ ಸುಮಾರು 36,000 ಮಂದಿಗೆ ತಲಾ 1,500 ಡಾಲರ್ ಕೊಡಲು ಮುಂದಾಯಿತು. 2002ಕ್ಕೆ ನಾರ್‌ಪ್ಲಾಂಟ್ ಆ ಮಾರುಕಟ್ಟೆಯಿಂದಲೇ ಹೋಯಿತು.

ಆರು ಕೊಳವೆ ಎರಡು ಕಡ್ಡಿಯಾಗಿದ್ದು, ಎರಡು ಒಂದಾಗಿದ್ದು ಈ ಪಾಠದಿಂದ. ಎರಡು ಕಡ್ಡಿಯದಕ್ಕೆ ಜಡೆಲ್ ಎಂದು ಹೆಸರು. ಒಂಟಿ ಕಡ್ಡಿಯ ಇಂಪ್ಲಾನಾನ್ 1998ರಲ್ಲಿ ಮೊದಲು ಬಂದದ್ದು ಮತ್ತೆ ಇಂಡೊನೇಷ್ಯಾಕ್ಕೇ. ಆಮೇಲಿನ ನೆಕ್ಸ್‌ಪ್ಲಾನಾನ್‌ನಲ್ಲಿ ಒಂದಿಷ್ಟು ಬೇರಿಯಂ ಸಲ್ಫೇಟ್ ಸೇರಿಸಿದರು. ಕಡ್ಡಿ ಬೆರಳಿಗೆ ಸಿಗದಿದ್ದರೂ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಲಿ ಎಂದು. ಗರ್ಭ ತಡೆಯುವುದಕ್ಕೆ ಬೇರಿಯಂನಿಂದ ಯಾವ ಉಪಯೋಗವೂ ಇಲ್ಲ, ಅದು ಇರುವುದು ತೆಗೆಯುವ ದಿನಕ್ಕಾಗಿ ಮಾತ್ರ. ತೀರಾ ಅಪರೂಪಕ್ಕೆ ಕಡ್ಡಿ ರಕ್ತನಾಳಕ್ಕೆ ಸೇರಿ ಶ್ವಾಸಕೋಶದವರೆಗೆ ಹೋದದ್ದೂ ವರದಿಯಾಗಿದೆ. ಚುಕ್ಕೆ ಇಡುವ ಜಾಗವನ್ನು ಸ್ನಾಯುಗಳ ತಗ್ಗಿನಿಂದ ಹಿಂದಕ್ಕೆ ಸರಿಸಿದ್ದು ಈ ಅಪಾಯದ ಅರಿವಿನಿಂದಲೇ.

2013ರಲ್ಲಿ ತಯಾರಕರೂ ದಾನಿ ಸಂಸ್ಥೆಗಳೂ ಒಪ್ಪಂದ ಮಾಡಿಕೊಂಡು ಬಡ ದೇಶಗಳಿಗೆ ಕಡ್ಡಿಯ ಬೆಲೆಯನ್ನು 18 ಡಾಲರಿನಿಂದ ಎಂಟೂವರೆ ಡಾಲರಿಗೆ ಇಳಿಸಿದ ಮೇಲೆ ಆಫ್ರಿಕಾದಲ್ಲಿ ಇದರ ಬಳಕೆ ಉಕ್ಕಿತು. ಇಥಿಯೋಪಿಯಾ ಅದಕ್ಕೂ ಮೊದಲೇ, 2009ರಿಂದ, ನಮ್ಮ ಆಶಾ ಕಾರ್ಯಕರ್ತೆಯರಿಗೂ ನರ್ಸುಗಳಿಗೂ ನಡುವಿನ ಸ್ಥಾನದಲ್ಲಿರುವ ಊರಿನ ಆರೋಗ್ಯ ಕಾರ್ಯಕರ್ತೆಯರಿಗೆ ಕಡ್ಡಿ ಹಾಕುವ ತರಬೇತಿ ಕೊಟ್ಟಿತು. ಹತ್ತನೆಯ ತರಗತಿ ಓದಿ ಒಂದು ವರ್ಷ ತರಬೇತಿ ಪಡೆದ ಊರ ಹುಡುಗಿಯರು ಅವರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಪರಿಚಯದ ಹುಡುಗಿಯ ಕೈಯಲ್ಲಿ ಈ ಸೌಲಭ್ಯ ಸಿಕ್ಕಿದ್ದು ದೊಡ್ಡ ಸಾಧನೆಯೇ. ಆದರೆ ಹಾಕುವ ಅಧಿಕಾರ ಊರಿಗೆ ಬಂದಾಗ ತೆಗೆಯುವ ಕೆಲಸ ದೂರದ ಆರೋಗ್ಯ ಕೇಂದ್ರದಲ್ಲೇ ಉಳಿಯಿತು.

ಭಾರತ ಈ ದಾರಿಯಲ್ಲಿ ತಡವಾಗಿ ಬಂದದ್ದಕ್ಕೆ ಹಿನ್ನೆಲೆಯಿದೆ. 1985ರಲ್ಲಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಹಾರ್ಮೋನಿನ ಚುಚ್ಚುಮದ್ದಿನ ಪ್ರಯೋಗಕ್ಕೆ ಹೆಂಗಸರನ್ನು ಸೇರಿಸಿದಾಗ, ಇದು ಪ್ರಯೋಗವೆಂದೇ ಅವರಿಗೆ ಸರಿಯಾಗಿ ತಿಳಿಸಿಲ್ಲವೆಂದು ಸ್ತ್ರೀ ಶಕ್ತಿ ಸಂಘಟನೆಯವರು ತಡೆದರು. ಮರುವರ್ಷ ದೆಹಲಿಯ ಸಹೇಲಿ ಸಂಘಟನೆಯೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ನಾರ್‌ಪ್ಲಾಂಟ್ ಬಗ್ಗೆಯೂ ಮಹಿಳಾ ಸಂಘಟನೆಗಳ ವಿರೋಧ ಗಟ್ಟಿಯಾಗಿತ್ತು. ಅವರ ಹಿಂದೆ ತುರ್ತುಪರಿಸ್ಥಿತಿಯ ನೆನಪಿತ್ತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದಿತ್ತು. 2014ರಲ್ಲಿ ಬಿಲಾಸ್‌ಪುರದ ಶಿಬಿರದಲ್ಲಿ ಹದಿಮೂರು ಹೆಂಗಸರು ಸತ್ತಾಗ ಆ ಭಯಕ್ಕೆ ಇನ್ನಷ್ಟು ಆಧಾರ ಸಿಕ್ಕಿತು. ಎರಡು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಶಿಬಿರಗಳನ್ನೇ ನಿಲ್ಲಿಸಲು ಹೇಳಿತು. ಸಂಘಟನೆಗಳ ಅನುಮಾನವನ್ನು ವಿಜ್ಞಾನದ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ. ಅವರು ಕೇಳಿದ್ದು, ಬೇಡವೆಂದಾಗ ಯಾರು ತೆಗೆಯುತ್ತಾರೆ ಎಂಬ ಸರಿಯಾದ ಪ್ರಶ್ನೆಯನ್ನೇ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಉದ್ದದ ಚರಿತ್ರೆಯಿದೆ. ಸರ್ಕಾರವೇ ಕುಟುಂಬ ಯೋಜನೆಯ ಕ್ಲಿನಿಕ್ ತೆರೆಯುವುದನ್ನು ಜಗತ್ತು ಮೊದಲು ಕಂಡದ್ದು ಮೈಸೂರು ಸಂಸ್ಥಾನದಲ್ಲಿ, 1930ರಲ್ಲಿ. ಸ್ವಾತಂತ್ರ್ಯದ ನಂತರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಳಿಸಿದ ಡಾಕ್ಟರ್ ಅಬ್ರಹಾಂ ಸ್ಟೋನ್ ರಾಮನಗರದಲ್ಲಿ ಒಂದು ಪ್ರಯೋಗ ನಡೆಸಿದರು. ಸುರಕ್ಷಿತ ದಿನಗಳನ್ನು ಎಣಿಸಲು ಅಲ್ಲಿನ ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಒಂದು ಬಣ್ಣಕ್ಕೆ ಬಂದಾಗ ಗಂಡನಿಂದ ದೂರವಿರಬೇಕು. ಕೊನೆಯವರೆಗೂ ಪಾಲಿಸಿದವರು ಕಡಿಮೆ. ಮಣಿ ಸರಿಸುವುದು ಹೆಂಡತಿಯ ಕೈಯಲ್ಲಿತ್ತು, ದೂರವಿರುವುದು ಅವಳೊಬ್ಬಳ ಕೈಯಲ್ಲಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಕರ್ನಾಟಕ ಆರಿಸಿಕೊಂಡ ದಾರಿ ಒಂದೇ: ‘ಆಪರೇಷನ್’. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49ರ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ಟ್ಯೂಬೆಕ್ಟಮಿ ಆಗಿದೆ. ದೇಶದ ಸರಾಸರಿ 38. ಗಂಡಸರ ಆಪರೇಷನ್ ಸಮೀಕ್ಷೆಯ ಲೆಕ್ಕಕ್ಕೇ ಸಿಗದಷ್ಟು. ಬಾಣಂತಿಯನ್ನು ನೋಡಲು ಬಂದವರು ಮಗುವಿನ ಕ್ಷೇಮ ವಿಚಾರಿಸಿದ ಮೇಲೆ ಕೇಳುವ ಮುಂದಿನ ಮಾತು ‘ಆಪರೇಷನ್ ಆಯ್ತಾ?’ ಎಂದು. ಎರಡು ಮಕ್ಕಳ ನಡುವೆ ಮೂರು ವರ್ಷ ಬಿಡುವು ಬೇಕೆನ್ನುವವಳಿಗೆ, ಮೊದಲ ಮಗುವಿಗೆ ಮುಂಚೆ ಡಿಗ್ರಿ ಮುಗಿಸಬೇಕೆನ್ನುವವಳಿಗೆ ಈ ಪ್ರಶ್ನೆಯಲ್ಲಿ ಜಾಗವಿಲ್ಲ. ಕಡ್ಡಿಯ ನಿಜವಾದ ಉಪಯೋಗ ಇವರಿಗೆ.

2023ರಲ್ಲಿ ಕೇಂದ್ರ ಸರ್ಕಾರ ಒಂಟಿ ಕಡ್ಡಿಯನ್ನು ರಾಷ್ಟ್ರೀಯ ಕುಟುಂಬ ಯೋಜನೆಯಲ್ಲಿ ಸೇರಿಸಿ ಮೊದಲ ಹಂತಕ್ಕೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳನ್ನು ಹಿಡಿಯಿತು. ಅವುಗಳಲ್ಲಿ ಕರ್ನಾಟಕವೂ ಒಂದು. ಹಾಕಿದ ದಿನಾಂಕ, ಯಾವ ಕೈ, ತೆಗೆಯಬೇಕಾದ ದಿನಾಂಕ ಬರೆದ ಒಂದು ಕಾರ್ಡು ಹೆಂಗಸಿನ ಹತ್ತಿರ ಇರಬೇಕಾದದ್ದು ಪದ್ಧತಿ. ಆ ಕಾರ್ಡು ಹಿಡಿದವಳು ಒಂದೇ ಊರಲ್ಲಿ ಕೂರುವವಳಲ್ಲ. ಯಾದಗಿರಿ, ರಾಯಚೂರು ಕಡೆಯಿಂದ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಗಂಡ, ಮಕ್ಕಳ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ಉಳಿಯುವವರಿದ್ದಾರೆ. ಅಂಥವಳಿಗೆ ಅಲ್ಲಿ ಹದಿನೈದು ದಿನ ಬಿಡದೆ ರಕ್ತ ಹೋದರೆ, ಅಥವಾ ಇನ್ನೊಂದು ಮಗು ಬೇಕೆನಿಸಿದರೆ, ಹತ್ತಿರದ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ‘ಹಾಕಿಸಿದ ಕಡೆಗೇ ಹೋಗಮ್ಮ’ ಎನ್ನುವ ಮಾತು ಕೇಳಬಾರದು. ದಿನದ ಕೂಲಿ ಬಿಟ್ಟು ರಾತ್ರಿ ಬಸ್ಸು ಹತ್ತಿ ನಾನೂರು ಕಿಲೋಮೀಟರ್ ಹೋಗಲು ಅವಳಿಂದಾಗದು.

ತೆಗೆಯುವ ಕೆಲಸ ದೊಡ್ಡದೇನಲ್ಲ. ಮೊಣಕೈ ಕಡೆಯ ತುದಿಯಲ್ಲಿ ಮರಗಟ್ಟಿಸಿ, ಭುಜದ ಕಡೆಯ ತುದಿಯನ್ನು ಬೆರಳಿನಲ್ಲಿ ಒತ್ತಿದರೆ ಈ ತುದಿ ಚರ್ಮದಡಿ ಮೊಳಕೆಯ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿ ಎರಡು ಮಿಲಿಮೀಟರ್ ಗೀರು. ಪೊರೆ ಬಿಡಿಸಿ ಚಿಮಟದಲ್ಲಿ ಎಳೆದರೆ ಕಡ್ಡಿ ಬರುತ್ತದೆ. ಅದನ್ನು ಕಸಕ್ಕೆ ಹಾಕುವ ಮುಂಚೆ ಸ್ಕೇಲಿನ ಪಕ್ಕ ಇಟ್ಟು ಅಳೆಯುತ್ತಾರೆ, ತುಂಡು ಒಳಗೆ ಉಳಿದಿಲ್ಲ ಎಂದು ಖಚಿತವಾಗಬೇಕು. ನಾಲ್ಕು ಸೆಂಟಿಮೀಟರ್ ಸರಿಯಾಗಿದ್ದರೆ ಕಾರ್ಡಿನಲ್ಲಿ ದಿನಾಂಕ ಬರೆದು, ಗೀರಿನ ಮೇಲೆ ಪಟ್ಟಿ ಅಂಟಿಸಿ, ಇನ್ನೊಂದು ಬೇಕೋ ಬೇಡವೋ ಎಂದು ಅವಳನ್ನು ಕೇಳುತ್ತಾರೆ.